ವಾರ್ನಿಂಗ್ ತಾನೇ, ಬಿಡಿ!

ಸಿ ಭಾಷೆಯಲ್ಲಿ ಬರೆದು ಹೊಟ್ಟೆ ಹೊರೆಯುವವರ ನಡುವೆ ಯಾರೂ ಎದುರಾಡದ ಮಾತೊಂದಿದೆ: ‘ವಾರ್ನಿಂಗ್ ತಾನೇ, ಎರರ್ ಅಲ್ಲವಲ್ಲ.’ ಬಿಲ್ಡ್ ಆಯಿತೇ, ಬೈನರಿ ಹುಟ್ಟಿತೇ, ಅಲ್ಲಿಗೆ ಮುಗಿಯಿತು. ಪರದೆಯ ಮೇಲೆ ಉರುಳಿಹೋದ ನೂರಾರು ಸಾಲುಗಳು ಯಾರ ತಲೆಗೂ ಸೇರಿದ್ದಲ್ಲ. ಈ ಮಾತಿಗೊಬ್ಬ ತಮ್ಮನೂ ಇದ್ದಾನೆ: ‘ಕಾನ್‌ಸ್ಟ್ ಅನ್ನುವುದೆಲ್ಲ ಶೋಕಿ. ಹಾಕಿದರೂ ಪ್ರೋಗ್ರಾಮ್ ಓಡುತ್ತದೆ, ಹಾಕದಿದ್ದರೂ ಓಡುತ್ತದೆ.’ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಈ ಎರಡನ್ನೂ ಕಲಿತುಬಿಡುತ್ತಾರೆ. ಕಲಿಸುವವರು ಅನುಭವಸ್ಥರು. ಅದಕ್ಕೇ ಇದನ್ನು ತಪ್ಪು ಎನ್ನಲು ಸ್ವಲ್ಪ ದನಿ ಏರಿಸಬೇಕಾಗಿದೆ.

ಬುಡಕ್ಕೇ ಕೈ ಹಾಕೋಣ. ವಾರ್ನಿಂಗ್ ಒಂದು ಜಾತಿ, ಎರರ್ ಇನ್ನೊಂದು ಜಾತಿ ಎಂಬ ವಿಂಗಡಣೆ ಸಿ ಭಾಷೆಯ ಮಾನಕದಲ್ಲಿ ಇಲ್ಲವೇ ಇಲ್ಲ. 1989ರ ಎಎನ್‌ಎಸ್‌ಐ ಮಾನಕದಿಂದ ಈಚಿನ ಸಿ23ರವರೆಗೆ ನಿಯಮ ಒಂದೇ: ವ್ಯಾಕರಣವನ್ನೋ, ‘ಕನ್‌ಸ್ಟ್ರೈಂಟ್’ ಎಂದು ಗುರುತು ಮಾಡಿದ ಕಟ್ಟಳೆಯನ್ನೋ ಮುರಿದ ಪ್ರೋಗ್ರಾಮ್ ಸಿಕ್ಕರೆ ಕಂಪೈಲರ್ ಕಡೇಪಕ್ಷ ಒಂದು ಸೂಚನೆಯನ್ನಾದರೂ ಕೊಡಬೇಕು. ಸೂಚನೆ ಕೊಟ್ಟ ಮೇಲೆ ಬೈನರಿ ಕೊಡುವುದೋ ಬಿಡುವುದೋ ಬಹುಮಟ್ಟಿಗೆ ಅದರ ಇಷ್ಟ. ಕಾನ್‌ಸ್ಟ್ ಇರುವ ಪಾಯಿಂಟರನ್ನು ಕಾನ್‌ಸ್ಟ್ ಇಲ್ಲದ ಪಾಯಿಂಟರಿಗೆ ವಹಿಸಿಕೊಡುವುದು ಇಂಥ ಕಟ್ಟಳೆಯೊಂದರ ಉಲ್ಲಂಘನೆ. ಸೆಮಿಕೋಲನ್ ಬಿಟ್ಟರೆ ಸಲ್ಲುವ ಸೂಚನೆಯೇ ಇದಕ್ಕೂ ಸಲ್ಲುತ್ತದೆ. ಮಾನಕದ ಕಣ್ಣಿಗೆ ಎರಡೂ ಸರಿಯಾದ ಸಿ ಪ್ರೋಗ್ರಾಮುಗಳಲ್ಲ. ಸೆಮಿಕೋಲನ್ ಇಲ್ಲದಿದ್ದರೆ ಜಿಸಿಸಿ ಮುಂದಕ್ಕೆ ಹೋಗುವುದಿಲ್ಲ; ಕಾನ್‌ಸ್ಟ್ ಕಳೆದುಹೋದರೆ ‘ಡಿಸ್ಕಾರ್ಡೆಡ್ ಕ್ವಾಲಿಫೈಯರ್ಸ್’ ಎಂದು ಗೊಣಗಿ ಹೋಗಿಬಿಡುತ್ತದೆ. ಗೊಣಗಿದ್ದಕ್ಕೂ ನಿಲ್ಲಿಸಿದ್ದಕ್ಕೂ ಇರುವ ಅಂತರ ತಪ್ಪಿನ ತೂಕದಿಂದ ಬಂದದ್ದಲ್ಲ. ಹಳೆಯ ಕೋಡ್ ಒಡೆಯಬಾರದು ಎಂಬ ದಾಕ್ಷಿಣ್ಯದಿಂದ ಬಂದದ್ದು.

ದಾಕ್ಷಿಣ್ಯ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಒಂದು ನಿದರ್ಶನ ಸಾಕು. ಘೋಷಿಸದ ಫಂಕ್ಷನ್ನನ್ನು ಕರೆದರೆ ಅದು ಇಂಟ್ ಹಿಂದಿರುಗಿಸುತ್ತದೆ ಎಂದು ಊಹಿಸಿಕೊಳ್ಳುವುದು ಹಳೆಯ ಸಿ ಭಾಷೆಯ ಪದ್ಧತಿ. 1999ರ ಮಾನಕ ಅದನ್ನು ತೆಗೆದುಹಾಕಿತು. ಆದರೂ ಜಿಸಿಸಿ ವರ್ಷಗಟ್ಟಲೆ ಅದಕ್ಕೆ ವಾರ್ನಿಂಗ್ ಮಾತ್ರ ಕೊಡುತ್ತ ಬಂತು. ಕ್ಲ್ಯಾಂಗ್ ಅದನ್ನು ತಾನಾಗಿಯೇ ಎರರ್ ಎಂದು ಪರಿಗಣಿಸಿದ್ದು 2023ರ 16ನೇ ಆವೃತ್ತಿಯಲ್ಲಿ, ಜಿಸಿಸಿ 2024ರ 14ನೇ ಆವೃತ್ತಿಯಲ್ಲಿ. ನಡುವಿನ 25 ವರ್ಷ ಅದು ‘ವಾರ್ನಿಂಗ್ ತಾನೇ’ ಆಗಿತ್ತು. ಈಗ ತಪ್ಪು ದೊಡ್ಡದಾಗಿದೆಯೇ? ಗುಲಗಂಜಿಯಷ್ಟೂ ಇಲ್ಲ. ಪಾಯಿಂಟರ್ ಹಿಂದಿರುಗಿಸುವ ನಿಮ್ಮದೇ ಫಂಕ್ಷನ್ನೊಂದನ್ನು ಅದರ ಹೆಡರ್ ಸೇರಿಸದೆ ಕರೆದಿರಿ ಎನ್ನಿ. 32 ಬಿಟ್ ಯಂತ್ರದಲ್ಲಿ ಇಂಟ್ 4 ಬೈಟು, ಪಾಯಿಂಟರೂ 4 ಬೈಟು, ಹೇಗೋ ನಡೆಯುತ್ತದೆ. 64 ಬಿಟ್ ಯಂತ್ರದಲ್ಲಿ ಪಾಯಿಂಟರ್ 8 ಬೈಟು. ಮೇಲಿನ ಅರ್ಧ ಕತ್ತರಿಸಿ ಬೀಳುತ್ತದೆ. ವಿಳಾಸ ಕೆಳಗಿನ 2 ಜಿಬಿಯೊಳಗೆ ಇರುವಷ್ಟು ದಿನ ಪ್ರೋಗ್ರಾಮ್ ಓಡುತ್ತದೆ. ನಿಮ್ಮ ಮೇಜಿನ ಮೇಲೆ ಓಡಿ, ಗ್ರಾಹಕನ ಸರ್ವರಿನಲ್ಲಿ ಬೀಳುತ್ತದೆ. ಅಷ್ಟು ವರ್ಷ ಕಂಪೈಲರ್ ಪ್ರತಿ ಬಿಲ್ಡಿನಲ್ಲೂ ಸಾಲಿನ ಸಂಖ್ಯೆ ಸಮೇತ ಅದನ್ನು ಹೇಳುತ್ತಲೇ ಇತ್ತು.

ಕಾನ್‌ಸ್ಟ್ ಶೋಕಿ ಎನ್ನುವವರಿಗೆ ಲಿನಕ್ಸ್ ಕರ್ನಲ್ಲಿನ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬೇಕು.

2003ರ ನವೆಂಬರ್. ಆಗ ಕರ್ನಲ್ಲಿನ ಮೂಲ ಬಿಟ್‌ಕೀಪರ್‌ನಲ್ಲಿತ್ತು. ಅದರ ನಕಲೊಂದನ್ನು ಸಿವಿಎಸ್ ಸರ್ವರಿನಲ್ಲಿ ಇಟ್ಟಿದ್ದರು. ಯಾರೋ ಆ ನಕಲಿನೊಳಗೆ ನುಗ್ಗಿ ವೇಟ್4 ಸಿಸ್ಟಮ್ ಕಾಲ್‌ಗೆ ಎರಡು ಸಾಲು ಸೇರಿಸಿದರು. ಮೇಲುನೋಟಕ್ಕೆ ಅದು ತಪ್ಪು ಆಯ್ಕೆಗಳನ್ನು ತಿರಸ್ಕರಿಸುವ ಸಾಧಾರಣ ಪರೀಕ್ಷೆ: ಇಂಥಿಂಥ ಫ್ಲ್ಯಾಗುಗಳಿದ್ದು, ಬಳಕೆದಾರನ ಯುಐಡಿ ಸೊನ್ನೆಯಾಗಿದ್ದರೆ ದೋಷ ಸೂಚಿಸು. ಆದರೆ ಹೋಲಿಕೆಗೆ ಬೇಕಾದ ಎರಡು ಸಮಚಿಹ್ನೆಗಳ ಜಾಗದಲ್ಲಿ ಒಂದೇ ಇತ್ತು. ಹಾಗಾಗಿ ಅದು ಯುಐಡಿ ಸೊನ್ನೆಯೇ ಎಂದು ಕೇಳುತ್ತಿರಲಿಲ್ಲ, ಸೊನ್ನೆ ಮಾಡುತ್ತಿತ್ತು. ಆ ಎರಡು ಫ್ಲ್ಯಾಗು ಕೊಟ್ಟು ಕರೆದವನು ಆ ಕ್ಷಣವೇ ರೂಟ್. ಷರತ್ತಿನೊಳಗೆ ವಹಿಸುವಿಕೆ ಕಂಡರೆ ಜಿಸಿಸಿ ಎಚ್ಚರಿಸುತ್ತದೆ, ಅದನ್ನೂ ಬರೆದವನು ಬಲ್ಲ. ಅದರ ಸುತ್ತ ಆವರಣ ಚಿಹ್ನೆ ಹಾಕಿದರೆ ‘ಬೇಕೆಂದೇ ಹೀಗೆ ಬರೆದಿದ್ದೇನೆ’ ಎಂದು ಕಂಪೈಲರಿಗೆ ಹೇಳಿದಂತೆ, ಅದು ಸುಮ್ಮನಾಗುತ್ತದೆ. ಆತ ಹಾಕಿದ್ದ. ಬಿಟ್‌ಕೀಪರ್ ಮೂಲಕ್ಕೂ ನಕಲಿಗೂ ಹೊಂದಿಕೆಯಾಗದ್ದು ಗಮನಕ್ಕೆ ಬಂದು ಸಂಗತಿ ಬಯಲಾಯಿತು. ಮೂಲಕ್ಕೆ ಅದು ಮುಟ್ಟಲಿಲ್ಲ.

ಎರಡನೆಯದು 2009ರಲ್ಲಿ ಬಂದ 2.6.29 ಆವೃತ್ತಿ. ಯುಐಡಿ, ಜಿಐಡಿ ಮುಂತಾದ ಅಧಿಕಾರದ ವಿವರಗಳನ್ನೆಲ್ಲ ಟಾಸ್ಕ್ ರಚನೆಯಿಂದ ಎತ್ತಿ ‘ಕ್ರೆಡ್’ ಎಂಬ ಬೇರೆ ರಚನೆಗೆ ಹಾಕಿದರು. ಟಾಸ್ಕ್‌ನಲ್ಲಿ ಉಳಿದದ್ದು ಅದಕ್ಕೆ ಬೊಟ್ಟು ತೋರುವ ಪಾಯಿಂಟರ್, ಅದೂ ಕಾನ್‌ಸ್ಟ್ ಆದದ್ದು. ಅಧಿಕಾರ ಬದಲಿಸಬೇಕಾದರೆ ಪ್ರತಿ ತೆಗೆದು, ಪ್ರತಿಯನ್ನು ತಿದ್ದಿ, ಆಮೇಲೆ ‘ಕಮಿಟ್’ ಮಾಡಬೇಕು. ನೇರವಾಗಿ ಬರೆಯಹೋದರೆ ಕಂಪೈಲರ್ ಬಿಡುವುದಿಲ್ಲ. ಪಾಯಿಂಟರನ್ನು ಕಾನ್‌ಸ್ಟ್ ಮಾಡಿದ್ದು ಇತರರಿಗೂ ಕಾಣುವ ಅಧಿಕಾರದ ವಿವರಗಳನ್ನು ಕೈತಪ್ಪಿ ತಿದ್ದದಿರಲೆಂದೇ, ಎಂದು ಕರ್ನಲ್ಲಿನ ದಸ್ತಾವೇಜೇ ಹೇಳುತ್ತದೆ. 2003ರ ಘಟನೆಗೆ ಉತ್ತರವಾಗಿ ಈ ಬದಲಾವಣೆ ಆಯಿತು ಎಂದು ನಾನು ಹೇಳುತ್ತಿಲ್ಲ. ಇದರ ಹಿಂದೆ ಬೇರೆ ವಿನ್ಯಾಸದ ಕಾರಣಗಳೂ ಇದ್ದವು. ಆದರೆ ಅಂದಿನ ಆ ಸಾಲನ್ನು ಇಂದಿನ ರಚನೆಗೆ ತಕ್ಕಂತೆ ಬರೆದು ನೋಡಿ. ಎಷ್ಟು ಆವರಣ ಚಿಹ್ನೆ ಸುತ್ತಿದರೂ ಅದು ಕಂಪೈಲ್ ಆಗುವುದಿಲ್ಲ. ಕಾನ್‌ಸ್ಟ್ ಆಗಿರುವುದಕ್ಕೆ ನೇರ ಬರೆಯುವುದು ಜಿಸಿಸಿಯಲ್ಲಿ ವಾರ್ನಿಂಗ್ ಅಲ್ಲ, ಎರರ್. ಹಾಕಿದರೂ ಅದೇ ಹಾಕದಿದ್ದರೂ ಅದೇ ಎನ್ನುವವರು ಈ ಎರಡು ಕಡತಗಳನ್ನು ಓದಿ ಬಂದು ಮಾತನಾಡಲಿ.

ಇನ್ನೊಂದು ಕಡೆ ಕಾನ್‌ಸ್ಟ್ ಯಂತ್ರದ ಮೇಲೇ ಕಾಣುತ್ತದೆ. ಬೆಂಗಳೂರಿನಲ್ಲಿ ಮೈಕ್ರೊಕಂಟ್ರೋಲರಿಗೆ ಬರೆಯುವವರು ಸಾವಿರಾರು ಮಂದಿ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳಬೇಕಾಗಿ ಬಂದಿದೆ. ಎಸ್‌ಟಿಎಂ32ಎಫ್103ಸಿ8 ಚಿಪ್ಪಿನಲ್ಲಿ 64 ಕೆಬಿ ಫ್ಲ್ಯಾಶ್, 20 ಕೆಬಿ ರ‍್ಯಾಮ್. 1024 ಫ್ಲೋಟ್ ಬೆಲೆಗಳ ಸೈನ್ ಕೋಷ್ಟಕ 4 ಕೆಬಿ. ಕಾನ್‌ಸ್ಟ್ ಎಂದು ಬರೆದರೆ ಅದು ಫ್ಲ್ಯಾಶ್‌ನಲ್ಲೇ ಇರುತ್ತದೆ. ಬರೆಯದಿದ್ದರೆ ಫ್ಲ್ಯಾಶ್‌ನಲ್ಲಿ ಒಂದು ಪ್ರತಿ, ಶುರುವಾದಾಗ ರ‍್ಯಾಮಿಗೆ ಇನ್ನೊಂದು ಪ್ರತಿ: ಇರುವ ರ‍್ಯಾಮಿನಲ್ಲಿ ಐದನೇ ಒಂದು ಭಾಗ ಹೋಯಿತು. (ಆರ್ಡುಯಿನೊ ಊನೋದ ಎವಿಆರ್ ಚಿಪ್ಪಿನಲ್ಲಿ ಮಾತ್ರ ಕಾನ್‌ಸ್ಟ್ ಒಂದರಿಂದಲೇ ಕೆಲಸ ಆಗದು. ಅಲ್ಲಿ ಪ್ರೋಗ್ರಾಮಿನ ಸ್ಮೃತಿಯೂ ದತ್ತಾಂಶದ ಸ್ಮೃತಿಯೂ ಬೇರೆ ಬೇರೆ. ‘ಪ್ರೋಗ್‌ಮೆಮ್’ ಎಂದು ಹೇಳಬೇಕು.) ‘ರ‍್ಯಾಮ್ ಸಾಲದು, ದೊಡ್ಡ ಚಿಪ್ಪು ಬೇಕು’ ಎಂದು ಕೇಳುವ ಮೊದಲು ಮ್ಯಾಪ್ ಕಡತ ತೆರೆದು, ಡೇಟಾ ವಿಭಾಗದಲ್ಲಿ ಎಂದೂ ಬದಲಾಗದ ಕೋಷ್ಟಕಗಳು ಎಷ್ಟಿವೆ ಎಂದು ನೋಡಿ.

ಈಗ ವಿರೋಧಿಗಳ ಗಟ್ಟಿ ವಾದಗಳಿಗೆ ಬರುತ್ತೇನೆ. ಅವರೆಲ್ಲ ಸೋಮಾರಿಗಳಲ್ಲ.

ಮೊದಲ ವಾದ ದೊಡ್ಡವರ ಹೆಸರಿನದು: ‘ಸಿ ಭಾಷೆ ಕಟ್ಟಿದ ಡೆನಿಸ್ ರಿಚಿಯೇ ಕಾನ್‌ಸ್ಟ್ ಬೇಡ ಅಂದಿದ್ದರು.’ ಅರ್ಧ ಪತ್ರ ಓದಿದವರ ಮಾತಿದು. 1988ರ ಮಾರ್ಚಿನಲ್ಲಿ ರಿಚಿ ಮಾನಕ ಸಮಿತಿಗೆ ಬರೆದ ಪ್ರಸಿದ್ಧ ಪತ್ರದ ಗುರಿ ‘ನೋಏಲಿಯಸ್’ ಎಂಬ ಹೊಸ ಪದ. ಅದನ್ನು ತೆಗೆಯಲೇಬೇಕು ಎಂದು ಪಟ್ಟು ಹಿಡಿದರು, ಸಮಿತಿ ತೆಗೆಯಿತು. ಕಾನ್‌ಸ್ಟ್, ವೊಲಟೈಲ್‌ಗಳು ಕಲಿಯುವ ಶ್ರಮಕ್ಕೆ ತಕ್ಕ ಫಲ ಕೊಡುತ್ತವೆಯೇ ಎಂಬ ಅನುಮಾನವನ್ನು ಅದೇ ಪತ್ರದಲ್ಲಿ ಹೇಳಿದ್ದು ನಿಜ. ಆದರೆ ಅದೇ ಪತ್ರದಲ್ಲಿ ಕಾನ್‌ಸ್ಟ್‌ಗೆ ಎರಡು ಗುಣಗಳಿವೆ ಎಂದೂ ಬರೆದರು: ಬದಲಾಗದ್ದನ್ನು ಓದಲಷ್ಟೇ ಬರುವ ಸ್ಮೃತಿಯಲ್ಲಿ ಇಡಬಹುದು, ಒಂದು ಫಂಕ್ಷನ್ ಏನನ್ನು ಮುಟ್ಟುವುದಿಲ್ಲ ಎಂಬುದನ್ನು ಅದರ ಘೋಷಣೆಯಲ್ಲೇ ಹೇಳಬಹುದು. ಮೇಲೆ ನಾನು ಕೊಟ್ಟ ಚಿಪ್ಪಿನ ಮತ್ತು ಕ್ರೆಡ್ ಉದಾಹರಣೆಗಳು ಈ ಎರಡು ಗುಣಗಳ ವಿಸ್ತರಣೆಯಲ್ಲದೆ ಬೇರೇನಲ್ಲ.

ಎರಡನೆಯ ವಾದ: ‘ಕಾನ್‌ಸ್ಟ್ ಅಂಟುರೋಗ. ಒಂದು ಕಡೆ ಹಾಕಿದರೆ ಕೆಳಗಿನ ಹತ್ತು ಫಂಕ್ಷನ್ನುಗಳಿಗೂ ಹಾಕಬೇಕು.’ ಹೌದು, ಹಾಕಬೇಕು. ಯಾಕೆಂದರೆ ಆ ಹತ್ತರಲ್ಲಿ ಯಾವುದು ನಿಮ್ಮ ದತ್ತಾಂಶವನ್ನು ತಿದ್ದುತ್ತದೆ, ಯಾವುದು ಓದುತ್ತದೆ ಎಂಬುದನ್ನು ಇದುವರೆಗೆ ಯಾರೂ ಬರೆದಿಟ್ಟಿರಲಿಲ್ಲ. ಅದು ತಿಳಿಯಬೇಕಾದರೆ ಒಂದೊಂದನ್ನೂ ತೆರೆದು ಓದಬೇಕಿತ್ತು. ಓದಿದವನು ಕೆಲಸ ಬಿಟ್ಟು ಹೋದರೆ ಮತ್ತೊಬ್ಬ ಮೊದಲಿನಿಂದ ಓದಬೇಕಿತ್ತು. ಹರಡುತ್ತಾ ಹೋದ ಕಾನ್‌ಸ್ಟ್ ಹನ್ನೊಂದನೆಯ ಫಂಕ್ಷನ್ನಿನಲ್ಲಿ ತಟ್ಟನೆ ನಿಂತರೆ, ಕಂಪೈಲರ್ ಬೈದರೆ, ನೀವು ಗೊತ್ತಿರದ ಒಂದು ಸಂಗತಿಯನ್ನು ಕಂಡುಕೊಂಡಿರಿ: ‘ಪ್ರಿಂಟ್’ ಎಂದು ಹೆಸರಿರುವ ಆ ಫಂಕ್ಷನ್ ಒಳಗೊಳಗೇ ಸ್ಟ್ರಿಂಗಿನ ಕೊನೆಯ ಅಕ್ಷರವನ್ನು ಅಳಿಸುತ್ತಿದೆ. ಇದನ್ನು ರೋಗ ಎನ್ನಬಹುದಾದರೆ, ರೋಗ ಇದ್ದದ್ದು ಆ ಫಂಕ್ಷನ್ನಿನಲ್ಲಿ.

ಮೂರನೆಯ ವಾದದಲ್ಲಿ ಸ್ವಾರಸ್ಯ ಇದೆ. ‘ಚಾರ್‌ಗೆ ಪಾಯಿಂಟರಿನ ಪಾಯಿಂಟರನ್ನು ಕಾನ್‌ಸ್ಟ್ ಚಾರ್‌ಗೆ ಪಾಯಿಂಟರಿನ ಪಾಯಿಂಟರ್ ಬೇಡುವ ಫಂಕ್ಷನ್ನಿಗೆ ಕೊಟ್ಟರೆ ಕಂಪೈಲರ್ ಬೈಯುತ್ತದೆ. ನಾನು ಕಾನ್‌ಸ್ಟ್ ಸೇರಿಸುತ್ತಿದ್ದೇನೆ, ತೆಗೆಯುತ್ತಿಲ್ಲ, ಕಂಪೈಲರಿಗೆ ಬುದ್ಧಿಯಿಲ್ಲ.’ ಬುದ್ಧಿ ಇದೆ, ಸಾವಧಾನವಾಗಿ ಕೇಳಿ. ನಿಮ್ಮಲ್ಲಿ ‘ಪ’ ಎಂಬ ಸಾದಾ ಚಾರ್ ಪಾಯಿಂಟರ್ ಇದೆ. ಅದರ ವಿಳಾಸವನ್ನು ಆ ಫಂಕ್ಷನ್ನಿಗೆ ಕೊಟ್ಟಿರಿ. ಫಂಕ್ಷನ್ ತನ್ನ ಹಕ್ಕಿನೊಳಗೇ ಇದ್ದು, ಆ ವಿಳಾಸದಲ್ಲಿ ನಿಜವಾದ ಕಾನ್‌ಸ್ಟ್ ಸ್ಟ್ರಿಂಗೊಂದರ ಪಾಯಿಂಟರನ್ನು ಇಟ್ಟಿತು. ಅದರ ಮಟ್ಟಿಗೆ ಕಾನ್‌ಸ್ಟ್‌ಗೆ ಕಾನ್‌ಸ್ಟ್, ತಕರಾರಿಲ್ಲ. ಹೊರಗೆ ಬಂದು ನೋಡಿದರೆ ನಿಮ್ಮ ‘ಪ’ ಈಗ ಕಾನ್‌ಸ್ಟ್ ಸ್ಟ್ರಿಂಗನ್ನು ತೋರುತ್ತಿದೆ, ಆದರೆ ಅದರ ಟೈಪ್ ಸಾದಾ ಚಾರ್ ಪಾಯಿಂಟರ್. ಅದರ ಮೂಲಕ ಬರೆಯಿರಿ, ಯಾರೂ ತಡೆಯುವುದಿಲ್ಲ. ಒಂದೂ ಟೈಪ್‌ಕಾಸ್ಟ್ ಇಲ್ಲದೆ ಬೀಗ ತೆರೆದಂತಾಯಿತು. ಕಂಪೈಲರ್ ಮೊದಲ ಹೆಜ್ಜೆಯಲ್ಲೇ ತಡೆಯುವುದು ಇದಕ್ಕೆ. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು: ನಡುವಿನ ಪಾಯಿಂಟರೂ ಕಾನ್‌ಸ್ಟ್ ಆಗಿದ್ದರೆ ಈ ಅಪಾಯವಿಲ್ಲ, ಸಿ++ ಅದನ್ನು ಒಪ್ಪುತ್ತದೆ, ಸಿ ಒಪ್ಪುವುದಿಲ್ಲ. ಅಲ್ಲಿ ಸಿ ಭಾಷೆಯದೇ ತಪ್ಪು. ಹಾಗೆಯೇ ‘ಸ್ಟರ್‌ಚರ್’ ಫಂಕ್ಷನ್ ಕಾನ್‌ಸ್ಟ್ ಸ್ಟ್ರಿಂಗನ್ನು ತೆಗೆದುಕೊಂಡು ಅದರೊಳಗಿನ ಜಾಗವೊಂದನ್ನು ಕಾನ್‌ಸ್ಟ್ ಇಲ್ಲದ ಪಾಯಿಂಟರಾಗಿ ಹಿಂದಿರುಗಿಸುವ ತೂತು 1989ರಿಂದ ಹಾಗೇ ಇತ್ತು. 2024ರಲ್ಲಿ ಪ್ರಕಟವಾದ ಸಿ23 ಅದನ್ನು ಮುಚ್ಚಿತು. ತೂತು ಇರುವ ಬೇಲಿಯನ್ನು ದುರಸ್ತಿ ಮಾಡಿದರು, ಕಿತ್ತೊಗೆಯಲಿಲ್ಲ ಎಂಬುದನ್ನು ಗಮನಿಸಿ.

ಕಾನ್‌ಸ್ಟ್‌ನ ಭಕ್ತರಿಗೂ ಒಂದು ಮಾತು. ಕಾನ್‌ಸ್ಟ್ ಪಾಯಿಂಟರ್ ಕೊಟ್ಟರೆ ಕಂಪೈಲರ್ ಕೋಡನ್ನು ವೇಗ ಮಾಡುತ್ತದೆ ಎಂದು ಪ್ರಚಾರ ಮಾಡಬೇಡಿ. ಆ ಪಾಯಿಂಟರ್ ಹೇಳುವುದು ‘ಈ ದಾರಿಯಲ್ಲಿ ಬಂದವನು ಬರೆಯಲಾರ’ ಎಂದಷ್ಟೆ. ಬೇರೆ ದಾರಿಯಲ್ಲಿ ಬಂದವನು ಬರೆಯಬಹುದು, ಕಂಪೈಲರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಸುಳ್ಳು ಲಾಭ ತೋರಿಸಿ ಮಾರಿದ್ದರಿಂದಲೇ ಅರ್ಧ ಜನ ನಂಬಿಕೆ ಕಳೆದುಕೊಂಡದ್ದು.

ನಾಲ್ಕನೆಯ ವಾದಕ್ಕೆ ಡೆಬಿಯನ್ ಪ್ರಸಂಗವನ್ನು ಸಾಕ್ಷಿಗೆ ಕರೆಯುತ್ತಾರೆ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ಬೆಲೆ ತುಂಬದ ಸ್ಮೃತಿಯನ್ನು ಓದಲಾಗುತ್ತಿದೆ ಎಂಬ ವಾಲ್‌ಗ್ರಿಂಡ್ ದೂರು ನಿಲ್ಲಿಸಲು ಎರಡು ಸಾಲುಗಳನ್ನು ಕಮೆಂಟ್ ಮಾಡಿದರು. ಅವುಗಳಲ್ಲೊಂದು, ಯಾದೃಚ್ಛಿಕ ಸಂಖ್ಯೆಗಳಿಗೆ ನಿಜವಾದ ಬೀಜ ಸುರಿಯುತ್ತಿದ್ದ ಸಾಲು. ಅದು ಹೋದ ಮೇಲೆ ಉಳಿದದ್ದು ಪ್ರೋಸೆಸ್ ಸಂಖ್ಯೆ ಮಾತ್ರ. ಒಂದೊಂದು ಬಗೆಯ ಯಂತ್ರದಲ್ಲಿ, ಒಂದೊಂದು ಬಗೆಯ ಮತ್ತು ಅಳತೆಯ ಕೀಲಿಗೆ ಸಾಧ್ಯವಿದ್ದದ್ದು ಸುಮಾರು 32,768 ಕೀಲಿಗಳಷ್ಟೆ. 2008ರ ಮೇ ತಿಂಗಳಲ್ಲಿ ಬಯಲಾಗುವವರೆಗೆ ಜಗತ್ತಿನಾದ್ಯಂತ ಆ ಕೀಲಿಗಳು ಬಳಕೆಯಲ್ಲಿದ್ದವು. ‘ನೋಡಿ, ವಾರ್ನಿಂಗ್ ಹಿಂದೆ ಹೋದರೆ ಹೀಗಾಗುತ್ತದೆ’ ಎನ್ನುತ್ತಾರೆ. ನಾನು ಓದುವುದು ಬೇರೆ. ಅಲ್ಲಿ ನಡೆದದ್ದು ವಾರ್ನಿಂಗಿನ ಬಾಯಿ ಮುಚ್ಚಿಸುವ ಕೆಲಸ. ಅದು ಯಾಕೆ ಕೂಗುತ್ತಿದೆ ಎಂದು ಕೊನೆಯವರೆಗೆ ಹೋಗಿ ನೋಡಿದ್ದರೆ ಎರಡು ಸಾಲುಗಳೂ ಒಂದೇ ಅಲ್ಲ ಎಂದು ತಿಳಿಯುತ್ತಿತ್ತು. ನಮ್ಮಲ್ಲಿ ದಿನವೂ ನಡೆಯುವ ಟೈಪ್‌ಕಾಸ್ಟ್ ಇದೇ ಕುಲದ್ದು. ಕಾನ್‌ಸ್ಟ್ ಹೋಯಿತು ಎಂದು ಕಂಪೈಲರ್ ಹೇಳಿದರೆ ಆವರಣದಲ್ಲಿ ಟೈಪ್ ಬರೆದು ಅದನ್ನು ಸುಮ್ಮನಿರಿಸುತ್ತೇವೆ. ರಿವ್ಯೂ ಮಾಡುವವರು ಬಿಲ್ಡ್ ಶುದ್ಧವಾಯಿತೆಂದು ಸಹಿ ಹಾಕುತ್ತಾರೆ. ವಾಹನಗಳ ತಂತ್ರಾಂಶಕ್ಕೆ ಬಳಸುವ ಮಿಸ್ರಾ ಸಿ 2012ರ 11.8ನೇ ನಿಯಮ ಇಂಥ ಟೈಪ್‌ಕಾಸ್ಟನ್ನೇ ನಿಷೇಧಿಸುತ್ತದೆ. ಜಿಸಿಸಿಗೆ ಇದನ್ನು ಹಿಡಿಯುವ ‘ಕಾಸ್ಟ್-ಕ್ವಾಲ್’ ಎಂಬ ವಾರ್ನಿಂಗ್ ಇದೆ, ಆದರೆ ಅದು ‘ಡಬ್ಲ್ಯು-ಆಲ್’ನೊಳಗೆ ಇಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಹೆಸರಿಗೆ ಆಲ್, ಇರುವುದು ಆಯ್ದ ಕೆಲವು.

ಇದು ಸಣ್ಣ ವಿಷಯವಲ್ಲ. 2014ರ ಫೆಬ್ರುವರಿಯಲ್ಲಿ ಬಯಲಾದ ಆ್ಯಪಲ್‌ನ ‘ಗೋಟು ಫೇಲ್’ ದೋಷದಲ್ಲಿ ಒಂದೇ ಸಾಲು ಎರಡು ಸಲ ಬಿದ್ದು, ಸರ್ವರಿನ ಸಹಿ ಪರಿಶೀಲಿಸುವ ಕೋಡಿಗೆ ನಿಯಂತ್ರಣ ತಲುಪುತ್ತಲೇ ಇರಲಿಲ್ಲ. ತಲುಪದ ಕೋಡನ್ನು ತೋರಿಸುವ ವಾರ್ನಿಂಗ್ ಕ್ಲ್ಯಾಂಗ್‌ನಲ್ಲಿ ಆಗಲೇ ಇತ್ತು, ಅದೂ ‘ಡಬ್ಲ್ಯು-ಆಲ್’ನ ಹೊರಗೆ. ಮೋಸಗೊಳಿಸುವ ಇಂಡೆಂಟೇಶನ್ನನ್ನು ಹಿಡಿಯುವ ವಾರ್ನಿಂಗನ್ನು ಜಿಸಿಸಿ ಸೇರಿಸಿದ್ದು 2016ರಲ್ಲಿ.

ಸುಳ್ಳು ವಾರ್ನಿಂಗುಗಳಿಲ್ಲವೇ? ಇವೆ. ‘ಬೆಲೆ ತುಂಬದೆ ಬಳಸಿರಬಹುದು’ ಎನ್ನುವ ಜಿಸಿಸಿಯ ವಾರ್ನಿಂಗ್ ಎಷ್ಟು ಬಾರಿ ಎಡವುತ್ತದೆಂದರೆ 2020ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಕರ್ನಲ್ಲಿನ ಸಾಮಾನ್ಯ ಬಿಲ್ಡಿನಿಂದ ತೆಗೆದರು. ಅದೇ ಟೋರ್ವಾಲ್ಡ್ಸ್ 2021ರ ಸೆಪ್ಟೆಂಬರಿನಲ್ಲಿ ಕರ್ನಲ್ಲಿನ ಎಲ್ಲ ಬಿಲ್ಡುಗಳಿಗೂ ವಾರ್ನಿಂಗುಗಳನ್ನು ಎರರ್ ಮಾಡಿದರು; ಗಲಾಟೆಯಾದ ಮೇಲೆ ಪರೀಕ್ಷಾ ಬಿಲ್ಡುಗಳಿಗಷ್ಟೇ ಅದನ್ನು ಪೂರ್ವನಿಯೋಜಿತವಾಗಿ ಉಳಿಸಿದರು. ಎರಡರಲ್ಲೂ ವಿರೋಧಾಭಾಸವಿಲ್ಲ. ಕೆಲಸಕ್ಕೆ ಬಾರದ ವಾರ್ನಿಂಗನ್ನು ಹೆಸರು ಹಿಡಿದು, ಕಾರಣ ಬರೆದು, ಆಫ್ ಮಾಡಿ. ಉಳಿದವುಗಳಲ್ಲಿ ಒಂದನ್ನೂ ಬಿಡಬೇಡಿ. ಮುನ್ನೂರು ವಾರ್ನಿಂಗುಗಳ ನಡುವೆ ಮುನ್ನೂರ ಒಂದನೆಯದನ್ನು ಯಾವ ಮನುಷ್ಯನೂ ಕಾಣಲಾರ, ಸೊನ್ನೆಯ ನಂತರದ ಒಂದನ್ನು ಎಲ್ಲರೂ ಕಾಣುತ್ತಾರೆ. ಊರಿಗೆಲ್ಲ ಹಂಚುವ ಮೂಲ ಕೋಡಿನಲ್ಲಿ ‘ಡಬ್ಲ್ಯು-ಎರರ್’ ಬೇಡ ಎನ್ನುವವರ ಜೊತೆ ನಾನೂ ಇದ್ದೇನೆ. ನಾಳೆಯ ಕಂಪೈಲರ್ ಹೊಸ ವಾರ್ನಿಂಗ್ ಕಲಿತರೆ ಪಾಪ ಬಳಕೆದಾರನ ಬಿಲ್ಡ್ ಯಾಕೆ ನಿಲ್ಲಬೇಕು? ನಿಮ್ಮ ಕಚೇರಿಯ ಬಿಲ್ಡ್ ಸರ್ವರಿನಲ್ಲಿ ಅದು ಇರಲೇಬೇಕು.

ನಮ್ಮಲ್ಲಿ ಈ ಉಡಾಫೆಯ ಬೇರು ಕಾಲೇಜಿನ ಲ್ಯಾಬಿನಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ತಲೆಮಾರು ಸಿ ಕಲಿತದ್ದು ಬೋರ್ಲ್ಯಾಂಡ್‌ನ ಟರ್ಬೊ ಸಿಯ ನೀಲಿ ಪರದೆಯಲ್ಲಿ. ವಾರ್ನಿಂಗುಗಳ ಎಣಿಕೆಯ ಕೆಳಗೇ ಅದು ‘ಸಕ್ಸಸ್’ ಎಂದು ಮಿನುಗಿಸುತ್ತಿತ್ತು. ‘ಸಸ್ಪಿಷಸ್ ಪಾಯಿಂಟರ್ ಕನ್ವರ್ಶನ್’ ಎಂದರೇನೆಂದು ಕೇಳಿದವರಿಲ್ಲ, ಹೇಳಿದವರಿಲ್ಲ. ಡಾಸ್‌ನಲ್ಲಿ ಸ್ಮೃತಿಗೆ ಕಾವಲಿಲ್ಲದ ಕಾರಣ ಸ್ಟ್ರಿಂಗ್ ಲಿಟರಲ್ಲಿನ ಮೇಲೆ ಬರೆದರೂ ಪ್ರೋಗ್ರಾಮ್ ಓಡುತ್ತಿತ್ತು. ಅದೇ ಪ್ರೋಗ್ರಾಮನ್ನು ಲಿನಕ್ಸ್‌ಗೆ ತಂದು, ಲಿಟರಲ್ಲನ್ನು ಸ್ಟರ್‌ಟಾಕ್ ಫಂಕ್ಷನ್ನಿಗೆ ಕೊಟ್ಟು, ಸೆಗ್ಮೆಂಟೇಶನ್ ಫಾಲ್ಟ್ ಬಂದಾಗ ‘ಟರ್ಬೊದಲ್ಲಿ ಓಡುತ್ತಿತ್ತು, ಜಿಸಿಸಿ ಸರಿಯಿಲ್ಲ’ ಎಂದವರು ಎಷ್ಟು ಮಂದಿ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಿ ಭಾಷೆಯಲ್ಲಿ ಲಿಟರಲ್ಲಿನ ಟೈಪ್‌ನಲ್ಲಿ ಕಾನ್‌ಸ್ಟ್ ಇಲ್ಲ, ಆದರೂ ಅದನ್ನು ತಿದ್ದುವುದು ಅನಿರ್ದಿಷ್ಟ ವರ್ತನೆ. ಹಳೆಯ ಕೋಡಿಗೆ ತೋರಿದ ಇನ್ನೊಂದು ದಾಕ್ಷಿಣ್ಯ ಇದು. ‘ರೈಟ್-ಸ್ಟ್ರಿಂಗ್ಸ್’ ವಾರ್ನಿಂಗ್ ಹಾಕಿಕೊಂಡರೆ ಜಿಸಿಸಿ ಲಿಟರಲ್ಲನ್ನು ಕಾನ್‌ಸ್ಟ್ ಎಂದೇ ನೋಡಿ ಆ ಕರೆಯನ್ನು ಕಂಪೈಲ್ ಆಗುವಾಗಲೇ ಹಿಡಿಯುತ್ತದೆ. ಈಗಿನ ಲ್ಯಾಬುಗಳಲ್ಲಿ ಜಿಸಿಸಿ ಬಂದಿದೆ, ಆದರೆ ಕಂಪೈಲ್ ಮಾಡುವ ಆಜ್ಞೆಯಲ್ಲಿ ಒಂದು ವಾರ್ನಿಂಗ್ ಫ್ಲ್ಯಾಗೂ ಇರುವುದಿಲ್ಲ. ಯಂತ್ರ ಬದಲಾಯಿತು, ಪಾಠ ಬದಲಾಗಲಿಲ್ಲ.

ಲ್ಯಾಬ್ ನಡೆಸುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ಮುಂದಿನ ಸೆಮಿಸ್ಟರಿನಿಂದ ‘ಡಬ್ಲ್ಯು-ಆಲ್’, ‘ಡಬ್ಲ್ಯು-ಎಕ್ಸ್‌ಟ್ರಾ’, ‘ರೈಟ್-ಸ್ಟ್ರಿಂಗ್ಸ್’, ‘ಕಾಸ್ಟ್-ಕ್ವಾಲ್’ ಈ ನಾಲ್ಕನ್ನು ಹಾಕದೆ ಯಾವ ಪ್ರೋಗ್ರಾಮನ್ನೂ ಕಂಪೈಲ್ ಮಾಡಿಸಬೇಡಿ. ಉತ್ತರ ಸರಿಯಿದ್ದು ವಾರ್ನಿಂಗ್ ಉಳಿದಿದ್ದರೆ ಅಂಕ ಕಡಿತ ಮಾಡಿ. ವೈವಾದಲ್ಲಿ ಆ ವಾರ್ನಿಂಗನ್ನು ತೋರಿಸಿ, ಅದು ಯಾಕೆ ಬಂತು ಎಂದು ವಿದ್ಯಾರ್ಥಿಯನ್ನು ಕೇಳಿ.